ನಶ್ಯದ ಡಬ್ಬಿಯ ಊರು ಯಾವುದು?

ತ್ಯಾವಣಿಗೆಯ ನಮ್ಮ ಅಜ್ಜಿ ಮನೆಯನ್ನು ಕಳೆದ ಬೇಸಿಗೆಯಲ್ಲಿ ಕೆಡವಿದರು. ಕೆಡವುವುದಕ್ಕೆ ಮೊದಲು ಅಟ್ಟದ ಮೇಲಿನ ಪೆಟ್ಟಿಗೆಗಳನ್ನೆಲ್ಲ ಇಳಿಸಿ ಪಡಸಾಲೆಯಲ್ಲಿ ಹರಡಿ ಕೂತಿದ್ದೆವು. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಮೂರು ಅಡಕೊತ್ತು, ಜರಿ ಕಿತ್ತ ಒಂದು ಎಲೆ ಅಡಿಕೆ ಸಂಚಿ. ಆ ಸಂಚಿಯ ಒಳಗಿನ ಖಾನೆಯಲ್ಲಿ ಒಂದು ಪುಟ್ಟ ಬೆಳ್ಳಿಯ ಬಾಟ್ಲಿ ಸಿಕ್ಕಿತು. ಎರಡು ಬೆರಳು ಎತ್ತರ, ಚಪ್ಪಟೆ ಹೊಟ್ಟೆ, ಕಿರಿದಾದ ಬಾಯಿ. ಹೊಟ್ಟೆಯ ಸುತ್ತ ತಾವರೆ ಬಳ್ಳಿಯ ಪಟ್ಟಿ. ಹೆಗಲ ಮೇಲೆ ಒಂದು ಸಣ್ಣ ಬಳೆ. ಬಿರಡೆಯನ್ನು ಎಳೆದರೆ ಅದರ ಜೊತೆಗೇ ಒಂದು ಬೆಳ್ಳಿ ಕಡ್ಡಿ ಹೊರಬಂತು.

ಪಾಲಿನ ಬೆಳ್ಳಿಯನ್ನು ತೂಗಿಸಲು ಪೇಟೆಗೆ ಹೋದಾಗ ಹಳೆಯ ಸಾಮಾನು ಕೊಳ್ಳುವವರೊಬ್ಬರು ಅದನ್ನು ಕೈಗೆತ್ತಿಕೊಂಡು, 'ಇದು ನಮ್ಮ ಕಡೆಯದಲ್ಲ, ಚೀನಾದ್ದು. ನಶ್ಯದ ಬಾಟ್ಲಿ. ತೂಕಕ್ಕೆ ಬೇಡ, ಹಾಗೇ ಕೊಡಿ, ಬೆಳ್ಳಿ ರೇಟಿಗಿಂತ ಜಾಸ್ತಿ ಕೊಡ್ತೀನಿ' ಅಂದರು. ನನ್ನ ಚಿಕ್ಕಪ್ಪನ ಮಗನ ಕಣ್ಣು ಅರಳಿತು. ಮನೆಗೆ ಬಂದ ಮೇಲೆ ಅವನ ಹೆಂಡತಿ ಅದನ್ನು ಹುಣಿಸೆಹಣ್ಣು ಹಚ್ಚಿ ಉಜ್ಜಿಡಲು ಹೊರಟಳು, ಹೊಳೆದರೆ ಇನ್ನೂ ಬೆಲೆ ಬರುತ್ತದೆ ಎಂದು. ಬಾಗಿಲ ಬಳಿ ಕೂತಿದ್ದ ನಮ್ಮ ಸೋದರತ್ತೆ, 'ತಡಿಯವ್ವಾ, ಅದನ್ನ ತೊಳೀಬ್ಯಾಡ' ಎಂದರು. ಯಾಕೆ ಎಂದು ಅವರು ಆಗ ಹೇಳಲಿಲ್ಲ.

ಬಾಟ್ಲಿಯ ಊರು ಯಾವುದೆಂದು ತಿಳಿಯುವತನಕ ಮಾರುವುದು ಬೇಡವೆಂದು ನಾನು ಹಟ ಹಿಡಿದೆ. ಮುಂದಿನ ಕೆಲವು ತಿಂಗಳು ಅದೇ ನನ್ನ ಓದಾಯಿತು. ಇಂಥ ಪುಟ್ಟ ಬೆಳ್ಳಿ ಸಾಮಾನಿನ ಮೂಲವನ್ನು ಹುಡುಕುವುದು ಹೇಗೆ, ಯಾವ ಗುರುತನ್ನು ಎಷ್ಟು ನಂಬಬೇಕು ಎಂಬುದನ್ನು ನಾನು ಕಲಿತ ಕ್ರಮದಲ್ಲಿಯೇ ಹೇಳುತ್ತೇನೆ.

ಮೊದಲು ವ್ಯಾಪಾರಿಯ ಮಾತನ್ನೇ ತೆಗೆದುಕೊಳ್ಳೋಣ. ಅದು ಬರೀ ಸುಳ್ಳಲ್ಲ. ನಶ್ಯಕ್ಕೆ ಬಾಟ್ಲಿ ಎಂದರೆ ಜಗತ್ತಿಗೆ ಮೊದಲು ನೆನಪಾಗುವುದು ಚೀನಾವೇ. ಯುರೋಪಿನ ಪಾದ್ರಿಗಳೂ ರಾಯಭಾರಿಗಳೂ ಚಿಂಗ್ ಅರಮನೆಗೆ ನಶ್ಯವನ್ನು ಕಾಣಿಕೆಯಾಗಿ ಒಯ್ದರು. ಯುರೋಪಿನಲ್ಲಿ ಅದನ್ನು ಮುಚ್ಚಳದ ಡಬ್ಬಿಯಲ್ಲಿ ಇಡುತ್ತಿದ್ದರು. ಚೀನೀಯರು ಅದನ್ನು ತಮ್ಮ ಔಷಧಿ ಸೀಸೆಗಳ ಮಾದರಿಯ ಪುಟ್ಟ ಬಾಟ್ಲಿಗೆ ಹಾಕಿದರು. ತೇವದ ಹವೆಯಲ್ಲಿ ಪುಡಿ ಗಂಟು ಕಟ್ಟದಂತೆ ಬಿಗಿಯಾದ ಬಿರಡೆ, ಅದರ ತುದಿಗೆ ಪುಡಿಯನ್ನು ಮೊಗೆಯುವ ಒಂದು ಚಿಕ್ಕ ಚಮಚ. ಕಾಂಗ್‌ಷಿ ಚಕ್ರವರ್ತಿ 1696ರಲ್ಲಿ ಅರಮನೆಯಲ್ಲೇ ಗಾಜಿನ ಕಾರ್ಖಾನೆ ಹಾಕಿಸಿದ. ಮುಂದಿನ ಶತಮಾನದಲ್ಲಿ ಗಾಜು, ಪಿಂಗಾಣಿ, ಜೇಡ್ ಶಿಲೆ, ಅಗೇಟು ಹೀಗೆ ಸಿಕ್ಕ ಸಿಕ್ಕ ವಸ್ತುವಿನಲ್ಲೆಲ್ಲ ಈ ಬಾಟ್ಲಿಗಳು ಹುಟ್ಟಿದವು. ಗಮನಿಸಬೇಕಾದ್ದೆಂದರೆ, ಚೀನಾದ ಹಳೆಯ ಬಾಟ್ಲಿಗಳಲ್ಲಿ ಬೆಳ್ಳಿಯವು ಕಡಿಮೆ. ಬೆಳ್ಳಿ ಎಂದೊಡನೆ ನಾವು ಇನ್ನೂ ಉತ್ತರಕ್ಕೆ ಮತ್ತು ಪಶ್ಚಿಮಕ್ಕೆ, ಮಂಗೋಲಿಯ ಮತ್ತು ಟಿಬೆಟ್ಟಿನ ಕಡೆಗೆ ತಿರುಗಬೇಕು.

ಮಂಗೋಲರಲ್ಲಿ ಇಬ್ಬರು ಭೇಟಿಯಾದರೆ ಒಬ್ಬರ ನಶ್ಯದ ಬಾಟ್ಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಮೂಸಿ, ಮರಳಿಸುವುದು ಇಂದಿಗೂ ಮರ್ಯಾದೆ. ನಮ್ಮಲ್ಲಿ ಮನೆಗೆ ಬಂದವರ ಮುಂದೆ ಎಲೆ ಅಡಿಕೆ ತಟ್ಟೆ ಸರಿಸುವ ಹಾಗೆ. ಬೀಡಿ ಸಿಗರೇಟಿಗೆ ಅವಕಾಶವಿಲ್ಲದ ಟಿಬೆಟ್ಟಿನ ಮಠಗಳಲ್ಲಿಯೂ ನಶ್ಯ ನಡೆಯುತ್ತಿತ್ತು. ಕೊಂಬಿಗೆ ಬೆಳ್ಳಿ ಕಟ್ಟಿದ, ಹವಳ ಮತ್ತು ವೈಡೂರ್ಯದ ಬಣ್ಣದ ಟರ್ಕಾಯ್ಸ್ ಕೂರಿಸಿದ ನಶ್ಯದ ಪಾತ್ರೆಗಳು ಅಲ್ಲಿಯವು. ಆದರೆ ಇಲ್ಲೊಂದು ತೊಡಕಿದೆ. ಇಂದು ಮಾರುಕಟ್ಟೆಯಲ್ಲಿ 'ಮಂಗೋಲಿಯದ ಹಳೆಯ ಬಾಟ್ಲಿ' ಎಂದು ಮಾರಾಟವಾಗುವ, ಮೈತುಂಬ ಹವಳ ಮೆತ್ತಿದ ಬೆಳ್ಳಿ ಬಾಟ್ಲಿಗಳಲ್ಲಿ ಎಷ್ಟೋ 20ನೇ ಶತಮಾನದಲ್ಲಿ ಚೀನಾದಲ್ಲೇ ಪ್ರವಾಸಿಗಳಿಗೆಂದೂ ರಫ್ತಿಗೆಂದೂ ಮಾಡಿದವು. ಊರು ಒಂದು, ವೇಷ ಇನ್ನೊಂದು.

ಹಾಗಾದರೆ ಅಂಥದೊಂದು ಬಾಟ್ಲಿ ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಮನೆಗೆ ಬರಲು ದಾರಿಯೇ ಇಲ್ಲವೇ? ಇದೆ. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ 1960ರ ಸುಮಾರಿಗೆ ಬೈಲಕುಪ್ಪೆಯಲ್ಲಿ, ಕೆಲವು ವರ್ಷಗಳ ನಂತರ ಮುಂಡಗೋಡಿನಲ್ಲಿ ನೆಲೆ ಸಿಕ್ಕಿತು. ಹೊತ್ತು ತಂದ ಬೆಳ್ಳಿ ಬಂಗಾರವೇ ಅವರಿಗೆ ಮೊದಲ ವರ್ಷಗಳ ಆಸರೆ. ಚಳಿಗಾಲ ಬಂತೆಂದರೆ ನಮ್ಮ ಪೇಟೆಗಳ ರಸ್ತೆಬದಿಯಲ್ಲಿ ಸ್ವೆಟರ್ ಹರಡಿಕೊಂಡು ಕೂರುವ ಟಿಬೆಟನ್ನರನ್ನು ನಾವೆಲ್ಲ ಕಂಡಿದ್ದೇವೆ. ಅವರಿಂದ ಯಾರೋ ಕೊಂಡಿರಬಹುದು ಎಂದು ನಾನೂ ಮೊದಲು ಊಹಿಸಿದ್ದೆ. ಸಾಧ್ಯತೆಯೊಂದು ಸಿಕ್ಕೊಡನೆ ಅದನ್ನೇ ಸತ್ಯ ಎಂದುಕೊಳ್ಳುವುದು ಈ ಹುಡುಕಾಟದ ಮೊದಲ ತಪ್ಪು.

ನಶ್ಯಕ್ಕೆ ನಮ್ಮ ನಾಡಿನಲ್ಲೂ ಒಂದು ಚರಿತ್ರೆ ಇದೆಯಲ್ಲ, ಅದನ್ನು ಬಿಟ್ಟು ನೇರವಾಗಿ ಚೀನಾಕ್ಕೆ ಹಾರುವುದು ಏಕೆ ಎಂಬುದು ಎರಡನೆಯ ಪ್ರಶ್ನೆ. ಹೊಗೆಸೊಪ್ಪು ಅಮೆರಿಕದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು. ಉತ್ತರದ ಮೊಘಲ್ ಅರಮನೆ ಅದನ್ನು ಕಂಡದ್ದು ಕರ್ನಾಟಕದ ಮೂಲಕವೇ. ಅಕ್ಬರನ ಆಸ್ಥಾನದ ಅಸದ್ ಬೇಗ್ ಎಂಬ ಅಧಿಕಾರಿ ರಾಜಕುಮಾರ ದಾನಿಯಾಲನ ಮದುವೆಯ ಕಾರ್ಯಕ್ಕಾಗಿ ಬಿಜಾಪುರಕ್ಕೆ ಬಂದಿದ್ದ. ಅದು 2ನೇ ಇಬ್ರಾಹಿಂ ಆದಿಲ್‌ಶಾಹನ ಕಾಲ. ಅಲ್ಲಿ ಅವನು ಹೊಗೆಸೊಪ್ಪನ್ನು ಮೊದಲ ಬಾರಿಗೆ ನೋಡಿ, ರತ್ನ ಕೂರಿಸಿದ ಒಂದು ಸೇದುವ ನಳಿಗೆಯ ಜೊತೆ ಆಗ್ರಾಕ್ಕೆ ಒಯ್ದ. ಅಕ್ಬರ್ ಕುತೂಹಲಕ್ಕೆ ಒಂದೆರಡು ದಮ್ಮು ಎಳೆದ, ವೈದ್ಯರು ಬೇಡವೆಂದು ವಾದಿಸಿದರು ಎಂದು ಅಸದ್ ಬೇಗನೇ ಬರೆದಿದ್ದಾನೆ. ಇದು 17ನೇ ಶತಮಾನದ ಮೊದಲ ವರ್ಷಗಳ ಮಾತು. 1617ರ ಹೊತ್ತಿಗೆ ಜಹಾಂಗೀರ್ ಹೊಗೆಸೊಪ್ಪನ್ನು ನಿಷೇಧಿಸಬೇಕಾಗಿ ಬಂತು ಎಂದರೆ ಎಷ್ಟು ಬೇಗ ಹಬ್ಬಿರಬೇಕು ನೋಡಿ.

ಈ ಬಿಜಾಪುರ ನಮ್ಮ ಸೀಮೆಗೆ ದೂರದ್ದಲ್ಲ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋದವರು ಅಲ್ಲಿನ ಪುಷ್ಕರಣಿಯನ್ನು ನೋಡಿರುತ್ತಾರೆ. ಅದು ಪಾಳೆಯಗಾರ ಹನುಮಪ್ಪ ನಾಯಕನ ಹೆಸರಿನೊಂದಿಗೆ ಸೇರಿಕೊಂಡಿದೆ. ಅದರ ಪಕ್ಕದ ಮುಸಾಫಿರ್‌ಖಾನೆ ಬಿಜಾಪುರದ ಸೇನಾನಿ ರಣದುಲ್ಲಾಖಾನನ ದಂಡಯಾತ್ರೆಯ ನೆನಪು. ಆಮೇಲೆ ಕೆಳದಿಯವರು ಬಂದರು. ಚನ್ನಗಿರಿಗೆ ಆ ಹೆಸರು ಬಂದದ್ದು ರಾಣಿ ಚೆನ್ನಮ್ಮನಿಂದ ಎನ್ನುತ್ತಾರೆ. 1763ರಲ್ಲಿ ಹೈದರಾಲಿ ಕೆಳದಿ ರಾಜ್ಯವನ್ನು ಗೆದ್ದ ಮೇಲೆ ಮೈಸೂರು. ನಮ್ಮ ಕಾಲದಲ್ಲಿ 1997ರವರೆಗೆ ಶಿವಮೊಗ್ಗ ಜಿಲ್ಲೆ, ಈಗ ದಾವಣಗೆರೆ. ಇಷ್ಟು ಕೈ ಬದಲಾದ ಸೀಮೆಯಲ್ಲಿ ಸಂತೆಯ ದಾರಿಗಳು ಬಿಜಾಪುರಕ್ಕೂ, ಬಿದನೂರಿನ ಮೂಲಕ ಕರಾವಳಿಗೂ ತೆರೆದೇ ಇದ್ದವು. ಹೊಗೆಸೊಪ್ಪು ಇಲ್ಲಿಗೆ ಬರಲು ಯಾವ ಚೀನಾವೂ ಬೇಕಿರಲಿಲ್ಲ.

ನಶ್ಯ ಎಂಬ ಮಾತಂತೂ ಹೊಗೆಸೊಪ್ಪಿಗಿಂತ ಬಹಳ ಹಳೆಯದು. ಮೂಗಿನ ಮೂಲಕ ಕೊಡುವ ಔಷಧಿಗೆ ಆಯುರ್ವೇದದಲ್ಲಿ ನಸ್ಯ ಎಂದು ಹೆಸರು, ಪಂಚಕರ್ಮಗಳಲ್ಲಿ ಅದೂ ಒಂದು. ಮೂಗಿಗೆ ಏರಿಸುವ ಹೊಸ ಪುಡಿ ಬಂದಾಗ ಜನ ಹೊಸ ಹೆಸರು ಹುಡುಕಲಿಲ್ಲ, ಇದ್ದ ಹೆಸರನ್ನೇ ಕೊಟ್ಟರು. ಅದನ್ನು ಇಟ್ಟುಕೊಳ್ಳಲೂ ಹೊಸ ಪಾತ್ರೆ ಹುಡುಕಲಿಲ್ಲ. ಒಣಬಾಳೆಯ ಪಟ್ಟೆಯಲ್ಲಿ ಸುತ್ತಿದರು, ತಗಡಿನ ಡಬ್ಬಿಗೆ ಹಾಕಿದರು, ಮನೆಯಲ್ಲಿ ಏನು ಪುಟ್ಟ ಕರಡಿಗೆ ಭರಣಿ ಇತ್ತೋ ಅದರಲ್ಲಿ ತುಂಬಿದರು. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಬಾಟ್ಲಿಯನ್ನೇ ಕೈಯಲ್ಲಿ ಹಿಡಿದು ನೋಡೋಣ. ಎಲ್ಲರೂ ಮೊದಲು ಹುಡುಕುವುದು ಮುದ್ರೆಯನ್ನು. ಇಂಗ್ಲೆಂಡಿನ ಬೆಳ್ಳಿಗಾದರೆ ಮುದ್ರೆಯೇ ಜಾತಕ. ಸಿಂಹವಿದ್ದರೆ ನೂರಕ್ಕೆ 92.5 ಪಾಲು ಬೆಳ್ಳಿ, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್ ಊರು, ಒಂದು ಅಕ್ಷರ ವರ್ಷವನ್ನು ಹೇಳುತ್ತದೆ. ಬರ್ಮಿಂಗ್‌ಹ್ಯಾಮಿಗೆ ಪರೀಕ್ಷಾ ಕಚೇರಿ ಬಂದದ್ದು 1773ರಲ್ಲಿ. ಅಲ್ಲಿಂದ ಸಾವಿರಾರು ನಶ್ಯದ ಡಬ್ಬಿಗಳು ಹೊರಬಿದ್ದವು. ಕ್ಯಾಂಟನ್ನಿನ ವಾಂಗ್ ಹಿಂಗ್‌ನಂಥ ಅಂಗಡಿಗಳು ರಫ್ತು ಮಾಲಿಗೆ ಇಂಗ್ಲಿಷ್ ಅಕ್ಷರ ಮತ್ತು 90 ಎಂಬ ಅಂಕಿಯನ್ನು ಒತ್ತುತ್ತಿದ್ದವು. ನಮ್ಮಲ್ಲೂ ಮದರಾಸಿನ ಪಿ. ಓರ್ ಅಂಡ್ ಸನ್ಸ್, ಕಲ್ಕತ್ತೆಯ ಹ್ಯಾಮಿಲ್ಟನ್, ಭುಜ್‌ನ ಊಮರ್ಸಿ ಮಾವ್ಜಿ ತಮ್ಮ ಹೆಸರನ್ನೋ ಹೆಸರಿನ ಅಕ್ಷರವನ್ನೋ ಒತ್ತಿದ್ದಾರೆ. ವಸ್ತುವಿನ ಮೇಲೆ 'ಚೀನಾ' ಎಂದು ಇಂಗ್ಲಿಷಿನಲ್ಲಿ ಇದ್ದರೆ ಅದು ಹಳಮೆಯ ಗುರುತಲ್ಲ. ಆಮದಾಗುವ ಮಾಲಿನ ಮೇಲೆ ದೇಶದ ಹೆಸರು ಇರಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿದ ನಂತರದ ಅಭ್ಯಾಸ ಅದು. ಅಂದರೆ ಅಂಥ ಬಾಟ್ಲಿ ಹುಟ್ಟಿದ್ದೇ ಹೊರದೇಶಕ್ಕೆ ಮಾರಲು.

ಆದರೆ ಹಳ್ಳಿಯ ಅಕ್ಕಸಾಲಿಗರು ಮುದ್ರೆ ಒತ್ತಬೇಕೆಂಬ ಕಟ್ಟಳೆ ನಮ್ಮಲ್ಲಿರಲಿಲ್ಲ. ಬೆಳ್ಳಿಗೆ ಭಾರತೀಯ ಮಾನಕ ಸಂಸ್ಥೆಯ ಹಾಲ್‌ಮಾರ್ಕ್ ಬಂದದ್ದೇ 2005ರಲ್ಲಿ. ಎದುರು ಕೂತು ಕುಲುಮೆ ಊದಿಸಿ ಮಾಡಿಸಿಕೊಂಡವರಿಗೆ ಮುದ್ರೆ ಏಕೆ? ಅಕ್ಕಸಾಲಿಗನ ಮುಖವೇ ಮುದ್ರೆ. ಹೀಗಾಗಿ ನಮ್ಮ ಬಾಟ್ಲಿಯ ತಳ ಖಾಲಿ ಇದ್ದದ್ದು ಚೀನಾದ ಪರವೂ ಅಲ್ಲ, ವಿರುದ್ಧವೂ ಅಲ್ಲ.

ಎರಡನೆಯದು ಲೋಹ. ಪೇಟೆಯ ಅಂಗಡಿಯಲ್ಲಿ ಯಂತ್ರದ ಕೆಳಗಿಟ್ಟು ನೋಡಿದಾಗ ಬೆಳ್ಳಿ ನೂರಕ್ಕೆ 91 ಮತ್ತು 92ರ ನಡುವೆ ತೋರಿಸಿತು. ಮೊದಲಿಗೆ ಇದರಿಂದ ಸಮಾಧಾನವಾಯಿತು. ಏಕೆಂದರೆ 'ಜರ್ಮನ್ ಸಿಲ್ವರ್' ಎಂಬುದರಲ್ಲಿ ಬೆಳ್ಳಿಯೇ ಇರುವುದಿಲ್ಲ, ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. 'ಟಿಬೆಟನ್ ಸಿಲ್ವರ್' ಎಂದು ಇಂದು ಮಾರುವುದೂ ಬಹುಪಾಲು ಅಂಥದೇ. ಹಾಗಾಗಿ ನಮ್ಮದು ನಿಜವಾದ ಬೆಳ್ಳಿ. ಆದರೆ ಯಾವ ಊರಿನ ಬೆಳ್ಳಿ? 1835ರಿಂದ ಬ್ರಿಟಿಷ್ ಸರ್ಕಾರ ಟಂಕಿಸಿದ ರೂಪಾಯಿಯಲ್ಲಿ 12 ಪಾಲಿಗೆ 11 ಪಾಲು ಬೆಳ್ಳಿ, ಅಂದರೆ ಸುಮಾರು 91.7. ತೂಕ 180 ಗ್ರೇನ್, ಸರಿಯಾಗಿ ಒಂದು ತೊಲ, ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಒಡವೆ ಮಾಡಿಸುವವರು ರೂಪಾಯಿಗಳನ್ನೇ ತಂದು ಕೊಡುತ್ತಿದ್ದರು, ಅಕ್ಕಸಾಲಿಗ ಅವನ್ನೇ ಕರಗಿಸುತ್ತಿದ್ದ. ತೂಕವನ್ನೂ 'ಇಷ್ಟು ರೂಪಾಯಿ ತೂಕ' ಎಂದೇ ಹೇಳುತ್ತಿದ್ದರು. ಆದರೆ ಇದೇ ರೂಪಾಯಿ ಬರ್ಮಾದ ಕುಲುಮೆಗೂ ಹೋಗಿದೆ, ಟಿಬೆಟ್ಟಿನ ಸಂತೆಗಳಲ್ಲೂ ಓಡಾಡಿದೆ. ಟಿಬೆಟ್ಟಿನಲ್ಲಿ ಅದರ ಚಲಾವಣೆ ಎಷ್ಟಿತ್ತೆಂದರೆ, ಅದಕ್ಕೆ ಪೈಪೋಟಿಯಾಗಿ ಚೀನಾದ ಸಿಚುವಾನ್ ಪ್ರಾಂತ್ಯ 20ನೇ ಶತಮಾನದ ಆರಂಭದಲ್ಲಿ ಅದನ್ನೇ ಹೋಲುವ ನಾಣ್ಯ ಹೊಡೆಯಿತು. ಲೋಹ ರೂಪಾಯಿಯದ್ದೆಂದು ಒಪ್ಪಿಕೊಂಡರೂ ಕೈ ಯಾರದು ಎಂಬುದು ಹಾಗೆಯೇ ಉಳಿಯಿತು.

ಮೂರನೆಯದು ಚಿತ್ತಾರ. ಇದು ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತದೆ, ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಮೈಮೇಲೆ ತೆರಪಿಲ್ಲದಂತೆ ಬಳ್ಳಿ ಹೂವು ತುಂಬಿದ್ದರೆ ಕಚ್ಛ್, ಕಾಡು ಪ್ರಾಣಿ ಮತ್ತು ಈಚಲು ಮರವಿದ್ದರೆ ಲಕ್ನೋ, ಹಳ್ಳಿಯ ದೃಶ್ಯವಿದ್ದರೆ ಕಲ್ಕತ್ತೆಯ ಭವಾನಿಪುರ, ದೇವರ ಮೂರ್ತಿಗಳಿದ್ದರೆ ಮದರಾಸಿನ 'ಸ್ವಾಮಿ' ಕೆಲಸ, ಕೂದಲೆಳೆಯ ತಂತಿಗೆಲಸವಿದ್ದರೆ ಕಟಕ್ ಅಥವಾ ಕರೀಂನಗರ, ಜಾತಕ ಕಥೆಗಳಿದ್ದರೆ ಬರ್ಮಾ. ಕಪ್ಪು ಮೈಯಲ್ಲಿ ಬೆಳ್ಳಿ ಗೆರೆ ಹೊಳೆದರೆ ನಮ್ಮ ಬೀದರಿನ ಬಿದ್ರಿ. ಬಿದ್ರಿಯ ಮೈ ಬೆಳ್ಳಿಯೇ ಅಲ್ಲ, ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ್ದು, ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ್ದು. ಚೀನಾದ ಕೆಲಸದಲ್ಲಿ ಡ್ರ್ಯಾಗನ್ ಇರುತ್ತದೆ, ಬಾವಲಿ ಇರುತ್ತದೆ. ನಮಗೆ ಅಪಶಕುನವಾದ ಬಾವಲಿ ಅವರಿಗೆ ಭಾಗ್ಯ, ಏಕೆಂದರೆ ಅವರ ಭಾಷೆಯಲ್ಲಿ ಆ ಎರಡಕ್ಕೂ ಉಚ್ಚಾರ ಒಂದೇ.

ನಮ್ಮ ಬಾಟ್ಲಿಯ ಮೇಲೆ ಇದ್ದದ್ದು ತಾವರೆ ಬಳ್ಳಿ. ತಾವರೆ ಯಾರದು? ನಮ್ಮ ಗುಡಿಯ ಚಾವಣಿಯಲ್ಲಿದೆ, ಬುದ್ಧನ ಪೀಠವಾಗಿ ಟಿಬೆಟ್ಟಿಗೆ ಹೋಗಿದೆ, ಚೀನಾದ ಪಿಂಗಾಣಿಯ ಮೇಲೆ ಹಬ್ಬಿದೆ. ನಮ್ಮ ಮಕರ ಕೂಡ ಹಿಮಾಲಯ ದಾಟಿ ಅಲ್ಲಿಯ ಪಾತ್ರೆಗಳ ಹಿಡಿಕೆಯಾಗಿದೆ. ಟಿಬೆಟ್ಟಿನದೆಂದು ನಾವು ಗುರುತಿಸುವ ಹವಳ ಎಷ್ಟೋ ಸಲ ಮೆಡಿಟರೇನಿಯನ್ ಸಮುದ್ರದ್ದು. ಚಿತ್ತಾರಕ್ಕೂ ಹರಳಿಗೂ ಕಾಲಿದೆ. ಅವು ಎಲ್ಲಿ ಹುಟ್ಟಿದವು ಎಂಬುದರಿಂದ ಪಾತ್ರೆ ಎಲ್ಲಿ ಹುಟ್ಟಿತು ಎಂದು ಹೇಳಲಾಗದು.

ಇಷ್ಟರಲ್ಲಿ ನನಗೆ ಒಂದು ವಿಷಯ ಅರ್ಥವಾಯಿತು. ವ್ಯಾಪಾರಿ 'ನಶ್ಯದ ಬಾಟ್ಲಿ' ಎಂದು ಹೆಸರಿಟ್ಟ. ನಾನು ಆ ಹೆಸರನ್ನು ಒಪ್ಪಿಕೊಂಡು, ಯಾವ ದೇಶದ ನಶ್ಯದ ಬಾಟ್ಲಿ ಎಂದು ಹುಡುಕುತ್ತಾ ಕೂತೆ. ಹೆಸರೇ ತಪ್ಪಾಗಿದ್ದರೆ? ಊರು ಯಾವುದೆಂದು ಕೇಳುವ ಮೊದಲು ಉಪಯೋಗ ಏನೆಂದು ಕೇಳಬೇಕಿತ್ತು.

ಅಂಗೈಯಲ್ಲಿ ಅಡಗುವ ಬೆಳ್ಳಿ ಪಾತ್ರೆಗಳು ನಮ್ಮ ಮನೆಗಳಲ್ಲಿ ಎಷ್ಟೊಂದಿದ್ದವು ಎಂದು ಎಣಿಸಿ ನೋಡಿ. ಇಷ್ಟಲಿಂಗದ ಕರಡಿಗೆ, ಗುಂಡುಗಡಿಗೆ. ಕುಂಕುಮದ ಭರಣಿ. ವಿಭೂತಿ ಡಬ್ಬಿ. ಅತ್ತರುದಾನಿ. ಕಾಡಿಗೆಯ ಡಬ್ಬಿ, ಮುಸಲ್ಮಾನರ ಮನೆಗಳಲ್ಲಿ ಸುರ್ಮಾದಾನಿ. ಎಲೆಗೆ ಹಚ್ಚುವ ಸುಣ್ಣದ ಡಬ್ಬಿ. ಇವೆಲ್ಲ ಮನೆ ಬಿಟ್ಟು ಮಾರುಕಟ್ಟೆ ಸೇರಿದ ಕ್ಷಣ ಹೆಸರು ಕಳೆದುಕೊಳ್ಳುತ್ತವೆ. ಯಾರಿಗೋ ಗೊತ್ತಿರುವ ಒಂದೆರಡು ಹೆಸರುಗಳಲ್ಲಿ ಒಂದನ್ನು ಅಂಟಿಸಿಕೊಂಡು ಮುಂದೆ ಹೋಗುತ್ತವೆ.

ಅವುಗಳನ್ನು ಬೇರೆ ಬೇರೆ ಮಾಡುವ ಗುರುತುಗಳು ಸರಳವಾದವು. ಕರಡಿಗೆಗೆ ಎರಡೂ ಬದಿಯಲ್ಲಿ ಶಿವದಾರ ಪೋಣಿಸುವ ಕಿವಿಗಳಿರುತ್ತವೆ. ಅದು ಎದೆಯ ಮೇಲೆ ನಿಲ್ಲಬೇಕಾದ್ದು, ಹಾಗಾಗಿ ಬೆನ್ನಿನ ಭಾಗ ಬಟ್ಟೆಗೆ ಉಜ್ಜಿ ನುಣುಪಾಗಿರುತ್ತದೆ. ಅತ್ತರಿನ ಪಾತ್ರೆಯ ಬಾಯಿ ಎಲ್ಲಕ್ಕಿಂತ ಕಿರಿದು. ಬಿರಡೆಗೆ ಕಡ್ಡಿ ಇದ್ದರೆ ಕಡ್ಡಿಯ ತುದಿಯನ್ನು ನೋಡಬೇಕು. ಸುರ್ಮಾದ ಕಡ್ಡಿ ಕಣ್ಣಿಗೆ ತಾಗುವಂಥದು, ದುಂಡಗೆ, ನುಣ್ಣಗೆ, ತುದಿಯಲ್ಲಿ ಮೊಂಡಾಗಿರುತ್ತದೆ. ನಶ್ಯದ ಕಡ್ಡಿಯ ತುದಿಗೆ ಪುಡಿ ಮೊಗೆಯುವ ಗುಳಿ ಇರುತ್ತದೆ. ಸುಣ್ಣದ ಕಡ್ಡಿ ಎಲೆಯ ಮೇಲೆ ಸವರುವಂಥದು, ಅದರ ತುದಿ ನಾಲಗೆಯ ಹಾಗೆ ಚಪ್ಪಟೆ. ಬಿಗಿಯಾದ ಬಿರಡೆ ಮಾತ್ರ ನಶ್ಯಕ್ಕೂ ಸುಣ್ಣಕ್ಕೂ ಬೇಕು, ಕಾರಣ ತದ್ವಿರುದ್ಧ. ನಶ್ಯಕ್ಕೆ ಹೊರಗಿನ ತೇವ ಒಳಗೆ ಬರಬಾರದು, ಸುಣ್ಣಕ್ಕೆ ಒಳಗಿನ ತೇವ ಹೊರಗೆ ಹೋಗಬಾರದು. ಎರಡನ್ನೂ ಗೊಂದಲ ಮಾಡಿಕೊಳ್ಳುವುದು ಅದಕ್ಕೇ ಸುಲಭ.

ನಮ್ಮ ಬಾಟ್ಲಿಯ ಕಡ್ಡಿಯನ್ನು ಬೆಳಕಿಗೆ ಹಿಡಿದೆ. ತುದಿ ಚಪ್ಪಟೆಯಾಗಿತ್ತು. ಹೆಗಲ ಮೇಲಿನ ಬಳೆಯಲ್ಲಿ ಸರಪಳಿಯ ಒಂದು ಕೊಂಡಿ ತುಂಡಾಗಿ ಉಳಿದಿತ್ತು. ಸಂಚಿಯ ಒಳಗೆ, ಅದು ಸಿಕ್ಕ ಖಾನೆಯಲ್ಲಿ, ಸರಪಳಿಯ ಇನ್ನೊಂದು ತುದಿಯೂ ಇತ್ತು. ಬಾಯೊಳಗೆ ಟಾರ್ಚು ಹಾಕಿ ನೋಡಿದರೆ ಗೋಡೆಗೆ ಬೆಳ್ಳಗೆ ಹಕ್ಕಳೆ ಕಟ್ಟಿತ್ತು. ಅಲ್ಲಿಗೆ ಸುಣ್ಣದ ಡಬ್ಬಿ ಎಂದು ತೀರ್ಮಾನಿಸಿದೆ.

ಸೂಜಿಯ ಮೊನೆಯಿಂದ ಒಂದು ಚೂರು ಹಕ್ಕಳೆಯನ್ನು ಕಾಗದದ ಮೇಲೆ ಉದುರಿಸಿದಾಗ ಮತ್ತೆ ಅನುಮಾನ ಬಂತು. ಚೂರಿನ ಒಂದು ಮಗ್ಗುಲು ಬಿಳಿ, ಇನ್ನೊಂದು ಮಗ್ಗುಲು ಕಂದು. ಗೋಡೆಗೆ ಅಂಟಿದ್ದ ಮಗ್ಗುಲು ಬಿಳಿಯದು. ಅದರ ಮೇಲೆ ಕೂತದ್ದು ಕಂದು. ಬಿಳಿಯ ಕಡೆಗೆ ಒಂದು ತೊಟ್ಟು ನಿಂಬೆರಸ ಬಿಟ್ಟರೆ ಸಣ್ಣಗೆ ನೊರೆ ಬಂತು. ಹಳೆಯ ಸುಣ್ಣ ಗಾಳಿಯನ್ನು ಕುಡಿದು ಸುಣ್ಣಕಲ್ಲಾಗಿ ತಿರುಗಿರುತ್ತದೆ, ಹುಳಿ ತಾಗಿದರೆ ನೊರೆಯುತ್ತದೆ. ಕಂದು ಪುಡಿಯನ್ನು ಮೂಗಿನ ಹತ್ತಿರ ತಂದರೆ ಇಷ್ಟು ವರ್ಷಗಳ ನಂತರವೂ ಘಾಟು. ನಮ್ಮ ಕಡೆಯ ಕೆಲವು ನಶ್ಯಕ್ಕೆ ಸುಣ್ಣವನ್ನೂ ಬೆರೆಸುತ್ತಾರೆ, ಹಾಗಾಗಿ ನೊರೆಯೊಂದನ್ನೇ ನಂಬುವಂತಿರಲಿಲ್ಲ. ಆದರೆ ಇಲ್ಲಿ ಎರಡೂ ಬೆರೆತಿರಲಿಲ್ಲ. ಒಂದರ ಮೇಲೊಂದು ಕೂತಿದ್ದವು. ಮೊದಲು ಸುಣ್ಣ, ಆಮೇಲೆ ನಶ್ಯ.

ಕಾಗದವನ್ನು ಹಾಗೇ ಎತ್ತಿಕೊಂಡು ಹೋಗಿ ಸೋದರತ್ತೆಗೆ ತೋರಿಸಿದೆ. ಅವರು ಕಾಗದದ ಕಡೆ ನೋಡಲಿಲ್ಲ.

'ಅದು ಅಪ್ಪಾಜಿ ಸುಣ್ಣದ ಡಬ್ಬಿ ಕಣಪ್ಪ' ಎಂದರು. 'ನಾಕು ರೂಪಾಯಿ ಕರಗಿಸಿ ಮಾಡ್ಸಿದ್ದಂತೆ. ಇಬ್ರೂ ಅದರಾಗೇ ಹಾಕ್ಕಂತಿದ್ರು. ಅಪ್ಪಾಜಿ ಹೋದ ಮ್ಯಾಲೆ ಅವ್ವ ಎಲಿ ಅಡಿಕೆ ಬಿಟ್ಲು. ಬಿಟ್ಲು ಅಂದ್ರೆ ಬಿಡಿಸಿದ್ರು. ಆಮೇಲೆ ನಶ್ಯ ಹಿಡಿದ್ಲು. ಅದರಾಗೇ ಇಟ್ಗಂಡಿದ್ಲು.'

ಗಂಡ ಸತ್ತವಳು ಹೂವು ಕುಂಕುಮದ ಜೊತೆಗೆ ತಾಂಬೂಲವನ್ನೂ ಬಿಡಬೇಕೆಂಬುದು ನಮ್ಮ ಅನೇಕ ಮನೆಗಳಲ್ಲಿ ನಡೆದುಬಂದ ಕಟ್ಟಳೆ. ಇದನ್ನು ಓದಿ ತಿಳಿದಿದ್ದೆ. ಆದರೆ ಇದು ಅಡಿಕೆಯ ಸೀಮೆ. ಅಜ್ಜಿ ಪ್ರತಿ ಸುಗ್ಗಿಯಲ್ಲೂ ಅಂಗಳದಲ್ಲಿ ಕೂತು ಸಂಜೆಯವರೆಗೆ ಅಡಿಕೆ ಸುಲಿದವಳು, ಬೆರಳ ತುದಿಯ ಕಪ್ಪು ಹೋಗದವಳು. ಅಡಿಕೆಯ ಚೂರೊಂದನ್ನು ಬಾಯಿಗೆ ಹಾಕಿಕೊಳ್ಳುವಂತಿರಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವೀಳ್ಯದ ಗುಣವನ್ನು ಹೊಗಳಿ ಬರೆದಿದ್ದಾನೆ. ಅರಮನೆಯಿಂದ ಹಟ್ಟಿಯವರೆಗೆ ಮರ್ಯಾದೆ, ಮದುವೆ, ಮಾತು ಎಲ್ಲಕ್ಕೂ ಎಲೆ ಅಡಿಕೆಯೇ ಸಾಕ್ಷಿಯಾಗಿದ್ದ ನಾಡಿನಲ್ಲಿ, ಅದನ್ನು ಬಿಡಿಸುವುದೆಂದರೆ ಜನರ ನಡುವಿನಿಂದ ಒಂದಿಷ್ಟು ದೂರ ಕೂರಿಸುವುದು. ನಶ್ಯಕ್ಕೆ ಶಾಸ್ತ್ರವೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಅದಕ್ಕೇ ಯಾರೂ ಅದನ್ನು ಬೇಡವೆನ್ನಲಿಲ್ಲ. ಮುದುಕಿಯರ ಸೆರಗಿನ ಗಂಟಿನಲ್ಲಿ ಅಷ್ಟೊಂದು ನಶ್ಯ ಇರುತ್ತಿತ್ತೇಕೆ ಎಂದು ಚಿಕ್ಕಂದಿನಲ್ಲಿ ನಾವು ನಗುತ್ತಿದ್ದೆವು. ನಮ್ಮ ಮನೆಯ ಮಟ್ಟಿಗೆ ಉತ್ತರ ಈ ಡಬ್ಬಿಯ ಗೋಡೆಗೆ ಅಂಟಿಕೊಂಡಿತ್ತು.

ಅತ್ತೆಯ ಮಾತನ್ನು ಕೇಳಿದ ಮೇಲೆ ಡಬ್ಬಿಯನ್ನು ಮತ್ತೆ ತೂಗಿದೆ. 46 ಗ್ರಾಮಿಗೆ ಸ್ವಲ್ಪ ಮೇಲೆ. ನಾಲ್ಕು ರೂಪಾಯಿ ಎಂದರೆ 46.6 ಗ್ರಾಂ, ಅರದಲ್ಲಿ ಉಜ್ಜಿದ್ದು, ಕರಗಿಸುವಾಗ ಹೋದದ್ದು ಕಳೆದರೆ ಸರಿಹೊಂದುತ್ತದೆ. ತೂಕ ಹೊಂದಿದ ಮಾತ್ರಕ್ಕೆ ಕಥೆ ಸಾಬೀತಾಗದು ಎಂದು ನನಗೆ ಗೊತ್ತಿದೆ. ಆದರೆ ಲೋಹ, ತೂಕ, ಕಡ್ಡಿಯ ತುದಿ, ಸರಪಳಿ, ಒಳಗಿನ ಎರಡು ಪದರ ಇವುಗಳಲ್ಲಿ ಯಾವುದೂ ಅತ್ತೆಯ ಮಾತಿಗೆ ಎದುರು ನಿಲ್ಲಲಿಲ್ಲ. ಚೀನಾದ ಕಥೆಗೆ ಇವುಗಳಲ್ಲಿ ಒಂದೂ ಜೊತೆಗೆ ಬರಲಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಇಷ್ಟು ಸಾಕು. ಅಕ್ಕಸಾಲಿಗ ಯಾರು, ಅವನ ಕುಲುಮೆ ಯಾವ ಬೀದಿಯಲ್ಲಿತ್ತು ಎಂದು ಅತ್ತೆಗೆ ಗೊತ್ತಿಲ್ಲ. ಗೊತ್ತಿದ್ದವರು ಇಪ್ಪತ್ತು ವರ್ಷದ ಹಿಂದೆ ಇದ್ದರು, ನಾವು ಕೇಳಲಿಲ್ಲ.

ನಾನು ಇದನ್ನು ಬರೆಯುತ್ತಿರುವುದು ಈ ಕೊನೆಯ ಮಾತಿಗಾಗಿ. ಬೆಳ್ಳಿಯ ಬೆಲೆ ಏರಿದಂತೆಲ್ಲ ಹಳೆಯ ಮನೆಗಳ ಡಬ್ಬಿ, ಭರಣಿ, ಕರಡಿಗೆಗಳು ತಕ್ಕಡಿಗೆ ಬೀಳುತ್ತಿವೆ. ಕರಗಿದ ಮೇಲೆ ಅವು ಮತ್ತೆ ಬರೀ ಬೆಳ್ಳಿ. ಕರಗದೆ ಉಳಿದವು 'ಹಳೆಯ ನಶ್ಯದ ಬಾಟ್ಲಿ, ಏಷ್ಯಾ' ಎಂಬಂಥ ಚೀಟಿ ಅಂಟಿಸಿಕೊಂಡು ಯಾರದೋ ಗಾಜಿನ ಕಪಾಟು ಸೇರುತ್ತವೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು, ಕೈಗೆಲಸಗಳನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಆದರೆ ಕಾಯ್ದೆ ವಸ್ತುವನ್ನು ತಡೆಯಬಹುದು, ಅದರ ಹೆಸರು ಕಳೆದುಹೋಗುವುದನ್ನು ತಡೆಯಲಾರದು. ರಾಮನಗರದ ಜಾನಪದ ಲೋಕದಲ್ಲೋ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಲ್ಲೋ ಒಂದು ಅಡಕೊತ್ತಿನ ಮುಂದೆ ನಿಂತಾಗ ನಮಗೆ ಏನಾದರೂ ತಿಳಿಯುತ್ತದೆ ಎಂದರೆ, ಯಾರೋ ಒಬ್ಬರು ಅದರ ಹೆಸರನ್ನೂ ಉಪಯೋಗವನ್ನೂ ಸಕಾಲದಲ್ಲಿ ಕೇಳಿ ಬರೆದಿಟ್ಟದ್ದರಿಂದ.

ನಿಮ್ಮ ಮನೆಯಲ್ಲಿ ಇಂಥದೇನಾದರೂ ಇದ್ದರೆ ತಿಕ್ಕಿ ತೊಳೆಯಬೇಡಿ. ಒಳಗಿನ ಕೊಳೆಯೇ ಅದರ ದಾಖಲೆ. ಬಿರಡೆ ಬೇರೆ, ಡಬ್ಬಿ ಬೇರೆ ಮಾಡಬೇಡಿ. ಯಾವುದರ ಜೊತೆ ಸಿಕ್ಕಿತೋ ಅದರ ಜೊತೆಗೇ ಇಡಿ. ನಮ್ಮ ಡಬ್ಬಿ ಸಂಚಿಯಿಂದ ಬೇರೆಯಾಗಿದ್ದರೆ ಸರಪಳಿಯ ಸಾಕ್ಷಿ ಹೋಗುತ್ತಿತ್ತು. ತೂಗಿ, ಅಳೆದು, ಫೋಟೊ ತೆಗೆದುಕೊಳ್ಳಿ. ಮುದ್ರೆಯನ್ನು ಹುಡುಕುವುದಕ್ಕಿಂತ ಮೊದಲು ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದವರ ಪಕ್ಕ ಹೋಗಿ ಕೂತು, ಇದನ್ನು ಏನೆಂದು ಕರೆಯುತ್ತಿದ್ದಿರಿ ಎಂದು ಕೇಳಿ.

ಚಿಕ್ಕಪ್ಪನ ಮಗ ಈಗ ಮಾರುವ ಮಾತು ಎತ್ತುವುದಿಲ್ಲ. ಡಬ್ಬಿಯನ್ನು ಅದೇ ಸಂಚಿಯಲ್ಲಿಟ್ಟು, ಒಂದು ಚೀಟಿ ಬರೆದು ಒಳಗಿಡಲು ಹೊರಟೆ. 'ಸುಣ್ಣದ ಡಬ್ಬಿ. ನಾಲ್ಕು ರೂಪಾಯಿ ಬೆಳ್ಳಿ. ತ್ಯಾವಣಿಗೆ. ನಂತರ ನಶ್ಯಕ್ಕೆ ಬಳಸಿದ್ದು' ಎಂದು ಬರೆದು, ಅಜ್ಜನ ಹೆಸರು ಹಾಕಿ, ಅತ್ತೆಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವ್ವನ ಹೆಸರೂ ಬರಿ. ಜಾಸ್ತಿ ದಿನ ಅವ್ವನ ಹತ್ರನೇ ಇತ್ತಲ್ಲ' ಎಂದರು.

ಬರೆದೆ.